ಜ್ವಾಲಾಮುಖಿ ನೋಡದ ಅಕ್ಕ

ಬ್ಯಾಡಗಿಯಲ್ಲಿ ನಮ್ಮ ಭಾವನ ಮನೆಯ ಪಡಸಾಲೆಗೆ ಕಾಲಿಟ್ಟರೆ ನಿಮಗೆ ಮೊದಲು ಕಾಣುವುದು ಬೆಂಕಿ. ಹೆದರಬೇಡಿ, ಅದು ಫೋಟೋ. ಬಾಗಿಲಿಗೆ ಎದುರಾದ ಗೋಡೆಯ ಮೇಲೆ, ಮನೆಯ ಹಿರಿಯರ ಚಿತ್ರಗಳನ್ನೆಲ್ಲ ಅಡುಗೆಮನೆಯ ಕಡೆಗೆ ಸರಿಸಿ ಮಾಡಿಕೊಂಡ ಜಾಗದಲ್ಲಿ, ಬಂಗಾರದ ಬಣ್ಣದ ಚೌಕಟ್ಟಿನೊಳಗೆ ಒಂದು ಬೆಟ್ಟ ಉರಿಯುತ್ತಿದೆ. ಅದರ ಮುಂದೆ ಹಾಯಿದೋಣಿಯ ಸರಳು ಹಿಡಿದು, ಕಪ್ಪು ಕನ್ನಡಕ ಹಾಕಿಕೊಂಡು, ಹೊಟ್ಟೆಯನ್ನು ಉಸಿರಿನ ಬಲದಿಂದ ಒಳಗೆಳೆದುಕೊಂಡು ಭಾವ ನಿಂತಿದ್ದಾರೆ. ಬೆಟ್ಟದ ನೆತ್ತಿಯಿಂದ ಚಿಮ್ಮಿದ ಕೆಂಪು ಹಳದಿ ಜ್ವಾಲೆ ಹೆಚ್ಚುಕಡಿಮೆ ಅವರ ಕಿವಿಯನ್ನು ನೆಕ್ಕುತ್ತಿದೆ. ಅಷ್ಟು ಹತ್ತಿರ ನಿಂತವರ ಹುಬ್ಬಾದರೂ ಸುಡಬೇಕಿತ್ತು. ಭಾವನ ಹುಬ್ಬು ಮೊದಲಿಗಿಂತ ದಟ್ಟವಾಗಿಯೇ ಇದೆ.

ಆ ಬೆಂಕಿ ಹುಟ್ಟಿದ್ದು ಹಾವೇರಿಯ ಒಂದು ಫೋಟೋ ಸ್ಟುಡಿಯೋದಲ್ಲಿ. ಅದರ ಹೆರಿಗೆಗೆ ನಾನೇ ಸಾಕ್ಷಿ. ಚಿತ್ರವನ್ನು ದೊಡ್ಡದು ಮಾಡಿಸಲು ಭಾವ ಹೋದಾಗ ಜೊತೆಗೆ ನಾನೂ ಇದ್ದೆ. ಸ್ಟುಡಿಯೋದವನು ಕಂಪ್ಯೂಟರಿನಲ್ಲಿ ಚಿತ್ರವನ್ನು ಹಿಗ್ಗಿಸಿ ನೋಡಿ, ಮುಖ ಸೊಟ್ಟ ಮಾಡಿದ.

"ಸಾಹುಕಾರ್ರ, ಇದು ಯಾ ಗುಡ್ಡರೀ? ನಮ್ಮ ರಾಣೇಬೆನ್ನೂರ ಕಡೀ ಗುಡ್ಡ ಇದ್ದಂಗ ಐತಿ. ಮ್ಯಾಲೆ ಒಂದೀಟು ಮೋಡ."

"ಮೋಡ ಅಲ್ಲೋ ಮಾರಾಯ, ಹೊಗಿ. ಅದು ಜ್ವಾಲಾಮುಖಿ."

"ಹೌದೇನ್ರಿ? ಜ್ವಾಲಾ ಎಲ್ಲೈತಿ?"

ಭಾವ ನನ್ನ ಕಡೆ ನೋಡಲಿಲ್ಲ. ಆಮೇಲೆ ದನಿ ತಗ್ಗಿಸಿ ಕೇಳಿದರು: "ಹಾಕಾಕ ಬರ್ತೈತೇನು?"

"ಬರದೇನ್ರಿ. ಮದುವಿ ಫೋಟೋದಾಗ ನಾವು ಹಿಂದ ಹಿಮಾಲಯಾನ ತಂದು ನಿಲ್ಲಸ್ತೀವಿ. ಬೆಂಕಿ ಏನ್ ಮಹಾ."

ಹೀಗೆ ಆ ಬೆಟ್ಟ ಹಾವೇರಿಯಲ್ಲಿ ಸ್ಫೋಟಗೊಂಡಿತು. ನಗು ಬಂದರೂ ನನಗೆ ಒಳಗೊಳಗೇ ಒಂದು ಅಳುಕು. ಯಾಕೆಂದರೆ ಆ ಚಿತ್ರವನ್ನು ಹಬ್ಬ ಹುಣ್ಣಿಮೆಗಳಿಗೆ ಹೋದಾಗಲೆಲ್ಲ ನೋಡಿ ನೋಡಿ, ಈಗ ನಾನು ಕಣ್ಣು ಮುಚ್ಚಿ ಆ ಬೆಟ್ಟ ಕಂಡ ದಿನವನ್ನು ನೆನೆದರೆ ನನಗೂ ಬೆಂಕಿಯೇ ಕಾಣುತ್ತದೆ. ಕೆನ್ನೆಗೆ ಬಿಸಿ ತಾಗಿದಂತೆಯೂ ಆಗುತ್ತದೆ. ನಾನು ಹಾವೇರಿಯ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುವವಳು. ಧಾರವಾಡದಲ್ಲಿ ಎಂ.ಎ. ಓದುವಾಗ ನಾನು ಕಲಿತ ಒಂದೇ ಉಪಯುಕ್ತ ಸಂಗತಿಯೆಂದರೆ, ಕಣ್ಣಾರೆ ಕಂಡೆ ಎನ್ನುವವನನ್ನು ಎಲ್ಲರಿಗಿಂತ ಹೆಚ್ಚು ಅನುಮಾನಿಸಬೇಕು ಎನ್ನುವುದು. ವರ್ಷ ವರ್ಷವೂ ಹುಡುಗರಿಗೆ ಅದನ್ನೇ ಹೇಳುತ್ತೇನೆ. ಅವರು ಅದನ್ನು ಬರೆದುಕೊಂಡು, ಪರೀಕ್ಷೆಯಲ್ಲಿ ಕಣ್ಣಾರೆ ಕಂಡವರಂತೆ ಉತ್ತರ ಬರೆಯುತ್ತಾರೆ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಕೆರೀಬಿಯನ್ ಸಮುದ್ರಕ್ಕೆ ಹೋದದ್ದೇಕೆ ಎಂದು ನೀವು ಕೇಳಬಹುದು. ಮಗಳ ದೆಸೆಯಿಂದ. ಅಕ್ಕನ ಮಗಳು ಪೂರ್ಣಿಮಾಗೆ ಇಲ್ಲಿ ಡಾಕ್ಟರಿಕೆಗೆ ಸೀಟು ಸಿಗಲಿಲ್ಲ. ಆ್ಯಂಟಿಗಾ ಎನ್ನುವ ದ್ವೀಪದಲ್ಲಿ ಸಿಕ್ಕಿತು. ಆ ಹೆಸರನ್ನು ಭಾವ ಮೊದಮೊದಲು ಸಂಕೋಚದಿಂದ ಹೇಳುತ್ತಿದ್ದರು. ಅಲ್ಲಿ ದೊಡ್ಡ ಕ್ರಿಕೆಟ್ ಆಟಗಾರರು ಹುಟ್ಟಿದ್ದಾರೆಂದು ಯಾರೋ ಹೇಳಿದ ಮೇಲೆ, ತಾವೇ ಅವರಿಗೆ ಬ್ಯಾಟು ಹಿಡಿಯಲು ಕಲಿಸಿದವರ ಗತ್ತಿನಲ್ಲಿ ಹೇಳತೊಡಗಿದರು. ಓದು ಮುಗಿಯುವ ಹೊತ್ತಿಗೆ ಮಗಳನ್ನು ಕರೆತರಲು ಭಾವ ಮತ್ತು ಅಕ್ಕ ಹೊರಟರು. ಇಂಗ್ಲಿಷ್ ಮಾತಾಡಲು ಒಬ್ಬರು ಬೇಕು ಎಂದು ನನ್ನನ್ನೂ ಕಟ್ಟಿಕೊಂಡರು. ಮದುವೆಯಾಗದ, ರಜೆಯಿರುವ, ಓದಿದ ತಂಗಿ ಪ್ರತಿಯೊಂದು ಮನೆತನಕ್ಕೂ ಒಂದು ಅನುಕೂಲ.

ಅಷ್ಟರಲ್ಲೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಭಾವನ ಅಂಗಡಿಯ ಪಕ್ಕದ ಅಂಗಡಿಯವರು ದುಬೈಗೆ ಹೋಗಿ ದೋಣಿಯಲ್ಲಿ ಊಟ ಮಾಡಿ ಬಂದಿದ್ದರು. ಆ ಊಟವನ್ನು ಅವರು ಇಡೀ ಒಂದು ಸುಗ್ಗಿ ಜೀರ್ಣಿಸಿಕೊಂಡಿರಲಿಲ್ಲ, ಸಿಕ್ಕಸಿಕ್ಕವರ ಮುಂದೆ ತೇಗುತ್ತಿದ್ದರು. ಅದಕ್ಕೆ ಉತ್ತರ ಕೊಡಬೇಕಿತ್ತು. ಆ್ಯಂಟಿಗಾದಿಂದ ಹಾಯಿದೋಣಿಯೊಂದನ್ನು ನಾವಿಕನ ಸಮೇತ ಬಾಡಿಗೆಗೆ ಹಿಡಿದು, ಮಾಂಟ್ಸೆರಾಟ್ ಎಂಬ ದ್ವೀಪದಲ್ಲಿ ಒಂದು ರಾತ್ರಿ ಲಂಗರು ಹಾಕಿ, ಮರುದಿನ ಅಲ್ಲಿನ ಜೀವಂತ ಜ್ವಾಲಾಮುಖಿಯ ಮಗ್ಗುಲಿನಿಂದ ಹಾದು, ನೆವಿಸ್ ದ್ವೀಪ ಮುಟ್ಟುವುದು ಎಂದು ಭಾವ ತೀರ್ಮಾನಿಸಿದರು.

"ಹಾಯಿದೋಣಿ ಯಾಕ? ವಿಮಾನ ಇಲ್ಲೇನು?" ಎಂದು ಅಕ್ಕ ಕೇಳಿದಳು.

"ವಿಮಾನದಾಗ ಯಾರರ ಹೋಗ್ತಾರ," ಎಂದರು ಭಾವ. ಅವರು ಜೀವಮಾನದಲ್ಲಿ ಮೊದಲ ಸಲ ವಿಮಾನ ಹತ್ತಿ ಒಂದು ವಾರವಾಗಿತ್ತು.

ಅಕ್ಕನ ಬಗ್ಗೆ ಇಲ್ಲಿ ಸ್ವಲ್ಪ ಹೇಳಬೇಕು. ನಮ್ಮ ತಾಯಿಯ ತವರು ಗುತ್ತಲದ ಆಚೆ, ತುಂಗಭದ್ರೆಯ ದಂಡೆಯಲ್ಲಿತ್ತು. ಹೊಳೆ ದಾಟಿ ಹೊಲಕ್ಕೆ ಹೋಗುವಾಗ ಅಜ್ಜಿ ನಮ್ಮಿಬ್ಬರನ್ನೂ ಹರಿಗೋಲಿನಲ್ಲಿ ಕೂರಿಸಿಕೊಳ್ಳುತ್ತಿದ್ದಳು. ದೊಡ್ಡ ಬುಟ್ಟಿಯಂಥ ಆ ದೋಣಿ ನೀರಿನಲ್ಲಿ ಗಿರಗಿರ ತಿರುಗುತ್ತಾ ಹೋಗುವುದು. ಅಜ್ಜಿಯ ಒಂದು ಕೈ ನಮ್ಮ ಮೇಲೆ. ಇನ್ನೊಂದು ಕೈ ಕೊರಳಲ್ಲಿ ತೂಗುವ ಬೆಳ್ಳಿಯ ಕರಡಿಗೆಯ ಮೇಲೆ, ಅದರೊಳಗೆ ಅವಳ ಇಷ್ಟಲಿಂಗ. "ಜೀವ ಹೋದ್ರೂ ಇದನ್ನ ನೀರಿಗೆ ಬಿಡಬಾರ್ದು ನೋಡ್ರವಾ," ಎನ್ನುತ್ತಿದ್ದಳು. ಆಗ ಹೆದರಿ ಅಳುತ್ತಿದ್ದವಳು ಅಕ್ಕ ಎಂದು ನನ್ನ ನೆನಪು. ಅಳುತ್ತಿದ್ದವಳು ನಾನು ಎಂದು ಅಕ್ಕನ ನೆನಪು. ಅಜ್ಜಿ ಇಲ್ಲ, ಹರಿಗೋಲಿನವನಿಲ್ಲ. ಹೊಳೆಗೆ ಯಾರು ಅತ್ತರೂ ಒಂದೇ.

ಬೆಳಿಗ್ಗೆ ಅಜ್ಜಿಯ ಲಿಂಗಪೂಜೆ ಮುಗಿಯುವ ತನಕ ಅವಳ ಬಾಯಿಗೆ ಹನಿ ನೀರೂ ಬೀಳುತ್ತಿರಲಿಲ್ಲ. ನಾವು ಮಕ್ಕಳು ರೊಟ್ಟಿಯ ವಾಸನೆ ಹೀರುತ್ತಾ ಅಡುಗೆಮನೆಯ ಹೊಸ್ತಿಲ ಮೇಲೆ ಕಾಯುತ್ತಿದ್ದೆವು. ಅವಳು ಅಂಗೈಯಲ್ಲಿ ಲಿಂಗವಿಟ್ಟು ನೋಡುತ್ತಾ ಕೂತರೆ ಮನೆಯ ಬೆಕ್ಕೂ ಸದ್ದು ಮಾಡುತ್ತಿರಲಿಲ್ಲ. ಅಕ್ಕನಿಗೆ ಹುಟ್ಟಿದಾಗ ಲಿಂಗ ಕಟ್ಟಿಸಿದವಳು ಅಜ್ಜಿಯೇ. ಅಕ್ಕ ಇಂದಿಗೂ ಅದನ್ನೇ ಧರಿಸುತ್ತಾಳೆ, ಅದೇ ನೇಮ ನಡೆಸುತ್ತಾಳೆ. ನನಗೂ ಕಟ್ಟಿಸಿದ್ದಳು. ನನ್ನದು ಧಾರವಾಡದ ಹಾಸ್ಟೆಲಿನ ಮೊಳೆಯ ಮೇಲೆ ಕೆಲವು ಕಾಲ ತೂಗಾಡಿ, ಈಗ ಮನೆಯ ಯಾವುದೋ ಡಬ್ಬಿಯಲ್ಲಿದೆ. ಭಾವನದು ಮದುವೆಗಳಲ್ಲಿ ಮತ್ತು ಚುನಾವಣೆಯ ಸಮಯದಲ್ಲಿ ಅಂಗಿಯಿಂದ ಹೊರಗೆ ಬರುತ್ತದೆ.

ಆ್ಯಂಟಿಗಾ ಬಿಟ್ಟು ಅರ್ಧ ಗಂಟೆಯೊಳಗೆ ಸಮುದ್ರ ಎಂದರೇನು ಎಂದು ನಮಗೆ ಗೊತ್ತಾಯಿತು. ಭಿತ್ತಿಪತ್ರಗಳಲ್ಲಿ ನೋಡುವ ಆ ನೀಲಿ ನೀರು ಮೇಲಿಂದ ನೀಲಿ, ಒಳಗಿನಿಂದ ಬರೀ ಹೊಟ್ಟೆಕಿಚ್ಚು. ದೋಣಿ ಒಂದು ಮಗ್ಗುಲಿಗೆ ವಾಲಿಕೊಂಡೇ ಓಡುತ್ತದೆ. ಅದು ವಾಲುವುದೇ ಸರಿಯಂತೆ, ನೆಟ್ಟಗೆ ನಿಂತರೆ ಏನೋ ತಪ್ಪಿದೆ ಎಂದರ್ಥವಂತೆ. ದೋಣಿ ನಡೆಸುವವರು ಡೆಸ್ಮಂಡ್ ಎಂಬ ಎತ್ತರದ, ನರೆಗೂದಲಿನ, ಕರಿಯ ಮನುಷ್ಯ. ಬರಿಗಾಲಿನಲ್ಲಿ ಚುಕ್ಕಾಣಿಯ ಚಕ್ರದ ಹಿಂದೆ ನಿಂತು, ನಾವು ಒಬ್ಬರಾದ ಮೇಲೆ ಒಬ್ಬರು ಬಕೆಟ್ಟಿಗೆ ಮುಖ ಕೊಡುವುದನ್ನು ಶಾಂತವಾಗಿ ನೋಡಿದರು. ದಿನಚರಿ ಬರೆಯುವ ಚಟವಿರುವ ನಾನು ಆ ಎರಡು ದಿನ ಒಂದು ಸಾಲೂ ಬರೆದಿಲ್ಲ. ಅದಕ್ಕಾಗಿ ಈಗ ನನ್ನನ್ನು ನಾನೇ ಬೈದುಕೊಳ್ಳುತ್ತೇನೆ, ಆದರೆ ಬರೆದಿದ್ದರೆ ಬಕೆಟ್ಟಿನ ವರ್ಣನೆಯ ಹೊರತು ಇನ್ನೇನೂ ಇರುತ್ತಿರಲಿಲ್ಲ.

ರಾತ್ರಿ ಲಂಗರು ಹಾಕಿದ ಕಡೆಯೂ ದೋಣಿ ತೊಟ್ಟಿಲಾಡಿತು. ಬೆಳಗಾದಾಗ ಅಕ್ಕನ ಮುಖ ಬಾಡಿದ ವೀಳ್ಯದೆಲೆಯಂತಾಗಿತ್ತು. ಹಿಂದಿನ ದಿನ ತಿಂದದ್ದೆಲ್ಲ ಹೊರಗೆ ಹೋಗಿತ್ತು. ಈ ದಿನ ಪೂಜೆಯಾಗದೆ ನೀರು ಕುಡಿಯುವಂತಿಲ್ಲ. ಪೂಜೆ ಮಾಡೋಣವೆಂದರೆ ಅಂಗೈ ನಿಲ್ಲುವುದಿಲ್ಲ. ದೋಣಿಯ ಒಳಕೋಣೆಗೆ ಹೋದರೆ ತಲೆ ತಿರುಗುತ್ತದೆ. ಹೊರಗೆ ಕೂತರೆ ಅಲೆ ಎತ್ತೆತ್ತಿ ಹಾಕುತ್ತದೆ.

"ಅವ್ವಾ, ಒಂದ್ ಗುಟುಕು ನೀರರ ಕುಡಿ," ಪೂರ್ಣಿಮಾ ಅಂಗಲಾಚಿದಳು. ಹೊಸ ಡಾಕ್ಟರ್, ಮೊದಲ ರೋಗಿಯೇ ಮಾತು ಕೇಳುತ್ತಿರಲಿಲ್ಲ. "ಮೈಯಾಗಿನ ನೀರೆಲ್ಲಾ ಹೋಗೈತಿ. ಹಿಂಗ ಇದ್ರ ಎಚ್ಚರ ತಪ್ಪತಿ."

"ಪೂಜಿ ಆಗ್ಲಿ."

"ಕಾಶಿಗೆ ಹೋದಾಗ ಟ್ರೇನಿನ್ಯಾಗ ಮಾಡಿದ್ದಿಲ್ಲೇನು?"

"ಟ್ರೇನು ಹಳಿ ಮ್ಯಾಲೆ ಇರ್ತೈತವಾ. ಇದು ಯಾವುದರ ಮ್ಯಾಲೂ ಇಲ್ಲ."

ಭಾವನಿಗೆ ಇದೆಲ್ಲ ಕಿರಿಕಿರಿ. "ಇಷ್ಟು ದೂರ ಕರ್ಕೊಂಡು ಬಂದೇನಿ, ಈಕಿ ನೋಡಿದ್ರ ಅಜ್ಜಿ ಕಾಲದ ಹಟ ಹಿಡದು ಕುಂತಾಳ. ದೇವರೇನು ಪಾಸ್‌ಪೋರ್ಟ್ ನೋಡ್ತಾನೇನು, ಒಂದಿನ ಬಿಟ್ರ?"

ಅಕ್ಕ ಉತ್ತರ ಕೊಡಲು ಬಾಯಿ ತೆರೆದರೆ ಬೇರೇನಾದರೂ ಬರುವ ಸ್ಥಿತಿ.

ನಾನು ಹೋಗಿ ಡೆಸ್ಮಂಡರಿಗೆ ಸಮಸ್ಯೆ ವಿವರಿಸಿದೆ. ನನ್ನ ಅಕ್ಕ ಒಂದು ಪ್ರಾರ್ಥನೆ ಮಾಡಬೇಕು, ಅದಕ್ಕೆ ಅಲುಗಾಡದ ಕೈ ಬೇಕು, ಅದಾಗದೆ ಆಕೆ ನೀರು ಕುಡಿಯುವುದಿಲ್ಲ ಎಂದೆ. ಇದನ್ನು ಇಂಗ್ಲಿಷಿನಲ್ಲಿ ಹೇಳುವಾಗ ನನಗೆ ನಾಚಿಕೆಯಾಯಿತು. ಅವರಿಗೆ ಏನೂ ವಿಚಿತ್ರ ಅನಿಸಿದಂತೆ ಕಾಣಲಿಲ್ಲ. ಬೆಟ್ಟದ ಮರೆಗೆ ಹೋದರೆ ಗಾಳಿ ನಿಲ್ಲುತ್ತದೆ, ಅಲ್ಲಿ ನೀರು ತಟ್ಟೆಯ ಹಾಗಿರುತ್ತದೆ, ಅಲ್ಲಿ ಮಾಡಲಿ ಎಂದರು.

ಹೀಗೆ, ನಾವು ನೋಡಲು ಹೊರಟಿದ್ದ ಜ್ವಾಲಾಮುಖಿಯೇ ಅಕ್ಕನಿಗೆ ಪೂಜೆಯ ಕೋಣೆಯ ಗೋಡೆಯಾಯಿತು. ದ್ವೀಪದ ಪಶ್ಚಿಮದ ದಂಡೆಯಗುಂಟ ದೋಣಿ ಇಳಿದಂತೆ ಅಲೆಗಳು ತಣ್ಣಗಾದವು. ಅಕ್ಕ ಚುಕ್ಕಾಣಿಯ ಮುಂದಿನ ತಗ್ಗಿನಲ್ಲಿ ಚಾಪೆ ಹಾಸಿ, ಬೆಟ್ಟಕ್ಕೆ ಬೆನ್ನು ಮಾಡಿ ಕೂತಳು. ವಿಭೂತಿ ಧರಿಸಿದಳು, ಕರಡಿಗೆ ಬಿಚ್ಚಿದಳು.

ಈಗ ಬೆಟ್ಟದ ವಿಷಯ. ನಿಮಗೆ ನಿರಾಸೆಯಾದರೆ ನನ್ನ ತಪ್ಪಲ್ಲ. ಅದು ಒಂದು ಬೂದು ಬಣ್ಣದ ದೊಡ್ಡ ಗುಡ್ಡ. ಮೇಲೆ ಬಿಳಿಯ ಆವಿ, ಅನ್ನದ ಪಾತ್ರೆಯ ಮುಚ್ಚಳ ಸರಿಸಿದಾಗ ಬರುವಷ್ಟು. ಇಳಿಜಾರಿನಲ್ಲಿ ಬೂದಿ ಹರಿದು ಸಮುದ್ರದ ತನಕ ಬಂದು ನಿಂತಿದೆ. ಅದರ ನಡುವೆ ಅಲ್ಲಲ್ಲಿ ಒಂದು ಗೋಡೆ, ಒಂದು ಮಾಳಿಗೆ, ಒಂದು ಕಿಟಕಿ. ಗಂಧಕದ ವಾಸನೆ, ಕೊಳೆತ ಮೊಟ್ಟೆಯದೆನ್ನಿ, ಬಂದು ಮೂಗಿಗೆ ಬಡಿಯಿತು. ಪೂರ್ಣಿಮಾ ಕೆಮ್ಮಿದಳು. ನಾನು ಕೆಮ್ಮಿದೆ. ಭಾವ ಮಾತ್ರ ಕೆಮ್ಮಲಿಲ್ಲ.

"ಇಷ್ಟ ಏನು? ಸುಗ್ಗ್ಯಾಗ ಒಂದಿನ ನಮ್ಮ ಮೆಣಸಿನಕಾಯಿ ಗೋದಾಮಿಗೆ ಬಾ ಅನ್ನು ಈ ಬೆಟ್ಟಕ್ಕ."

ಅವರ ಜೀವನದಲ್ಲಿ ನಾನು ಮನಸಾರೆ ಒಪ್ಪಿದ ಮಾತು ಅದೊಂದೇ.

ಡೆಸ್ಮಂಡ್ ಬೂದಿಯ ಕಡೆಗೆ ಗಲ್ಲ ಎತ್ತಿ ತೋರಿಸಿ, ತಮ್ಮ ಶಾಲೆ ಅದರ ಕೆಳಗಿದೆ ಎಂದರು. ಮನೆಯೂ ಅಲ್ಲೇ ಎಲ್ಲೋ ಇದೆ. ಬೆಟ್ಟ ಉಗುಳಲು ಶುರುಮಾಡಿದ ಕಾಲದಲ್ಲಿ ಅವರ ಮನೆಯವರೆಲ್ಲ ಆ್ಯಂಟಿಗಾಕ್ಕೆ ಬಂದರಂತೆ. ನಾನು ಇದನ್ನು ಭಾವನಿಗೆ ಕನ್ನಡದಲ್ಲಿ ಹೇಳಿದೆ. ಭಾವ ತಲೆಯಾಡಿಸಿ, "ಬೆಂಕಿ ಯಾವಾಗ ಬರ್ತೈತಿ ಕೇಳು," ಎಂದರು. ನಾನು ಕೇಳಿದೆ, ಅನುವಾದಕಿಯ ಪಾಪ ಅನುವಾದಕಿಗೆ. ಡೆಸ್ಮಂಡ್ ಭಾವನನ್ನು ನೋಡಿ, "ಬರದೇ ಇರಲಿ ಎಂದು ಇಷ್ಟು ವರ್ಷದಿಂದ ಪ್ರಾರ್ಥಿಸುತ್ತಿದ್ದೇವೆ," ಎಂದರು.

"ಏನಂತಾನ?"

"ಇವತ್ತು ಬರೂದಿಲ್ಲಂತ."

"ಥತ್," ಎಂದರು ಭಾವ.

ಬೆಂಕಿ ಬಾರದಿದ್ದ ಮೇಲೆ ಫೋಟೋ ಆದರೂ ಬೇಕಲ್ಲ. ತಮ್ಮದನ್ನು ಮಗಳ ಕೈಯಲ್ಲಿ ತೆಗೆಸಿಕೊಂಡರು. ಆಮೇಲೆ ಸಂಸಾರ ಸಮೇತ ಒಂದು ಬೇಕಾಯಿತು. "ನೀಲಾ, ಏಳ. ಬೆಟ್ಟ ಹಿಂದ ಹೋಗ್ತೈತಿ. ಪೂಜಿ ಆಮ್ಯಾಲೆ ಮಾಡುವಂತಿ." ಅಕ್ಕ ಕಣ್ಣೆತ್ತಲಿಲ್ಲ. "ಏ ನೀಲಾ." ಭಾವ ಅತ್ತ ಹೆಜ್ಜೆ ಹಾಕಿದ್ದು ನನಗೆ ಗೊತ್ತು. ಅವಳ ಭುಜ ಹಿಡಿದು ಎಬ್ಬಿಸಲು ಹೋದರೋ, ಅಥವಾ ಅದೇ ಹೊತ್ತಿಗೆ ಬೆಟ್ಟದ ಸಂದಿಯಿಂದ ಗಾಳಿಯೊಂದು ನುಗ್ಗಿ ದೋಣಿ ವಾಲಿತೋ, ನಾನು ಆಣೆ ಮಾಡಿ ಹೇಳಲಾರೆ. ನಾನು ಆ ಕ್ಷಣದಲ್ಲಿ ಬೂದಿಯೊಳಗಿನ ಒಂದು ಕಿಟಕಿಯನ್ನು ನೋಡುತ್ತಿದ್ದೆ. ಇದನ್ನು ಗಮನಿಸಿ. ಇತಿಹಾಸದ ಅಧ್ಯಾಪಕಿ, ಕಣ್ಣಮುಂದೆ ಘಟನೆ ನಡೆಯುವಾಗ, ಹಳೆಯ ಗೋಡೆ ನೋಡುತ್ತಿದ್ದಳು.

ಅಕ್ಕ "ಅಯ್ಯೋ" ಎಂದಳು. ತಿರುಗಿದೆ. ಅಡಿಕೆಗಿಂತ ತುಸು ದೊಡ್ಡದಾದ ಆ ಕಪ್ಪು ಲಿಂಗ ಚಾಪೆ ದಾಟಿ ದೋಣಿಯ ಬಿಳಿಯ ನೆಲದ ಮೇಲೆ ಉರುಳುತ್ತಿತ್ತು. ಅಂಚಿನಲ್ಲಿ ನೀರು ಹರಿದುಹೋಗಲು ಬಿಟ್ಟ ಕಿಂಡಿ. ಕಿಂಡಿಯ ಆಚೆ ಸಮುದ್ರ. ಭಾವ ನಿಂತೇ ಇದ್ದರು, ನಾನು ನಿಂತೇ ಇದ್ದೆ. ಡೆಸ್ಮಂಡರ ಎರಡು ಕೈಗಳೂ ಚಕ್ರದ ಮೇಲಿದ್ದವು. ಅವರು ಕಾಲು ಚಾಚಿ, ಕಿಂಡಿಯ ಬಾಯಿಯಲ್ಲಿ ಅದನ್ನು ಪಾದದ ಕೆಳಗೆ ಹಿಡಿದು ಒತ್ತಿದರು.

ದೋಣಿ ಇನ್ನೂ ವಾಲುತ್ತಿತ್ತು. ಅವರು ಕಾಲು ಎತ್ತಲಿಲ್ಲ. "ಬಂದು ತೆಗೆದುಕೊಳ್ಳಲು ಹೇಳಿ," ಎಂದರು ನನಗೆ.

ಅಕ್ಕ ಅಂಬೆಗಾಲಿಕ್ಕುತ್ತಾ ಹೋದಳು. ಪಾದದ ಕೆಳಗಿನಿಂದ ಲಿಂಗವನ್ನು ತೆಗೆದುಕೊಂಡು ಎರಡು ಕಣ್ಣಿಗೂ ಒತ್ತಿಕೊಂಡಳು. ಆಮೇಲೆ ಆ ಪಾದವನ್ನು ಮುಟ್ಟಿ, ಆ ಕೈಯನ್ನೂ ಕಣ್ಣಿಗೆ ಒತ್ತಿಕೊಂಡಳು. ಡೆಸ್ಮಂಡ್ ಗಾಬರಿಯಾಗಿ, ನೋವಾಯಿತೇ ಎಂದು ಕೇಳಿದರು. ಇಲ್ಲ ಎಂದೆ. ಅಕ್ಕ ಚಾಪೆಗೆ ಮರಳಿ, ಲಿಂಗಕ್ಕೆ ನೀರೆರೆದು, ಮೊದಲಿನಿಂದ ಪೂಜೆ ಶುರುಮಾಡಿದಳು. ಈ ಸಲ ಭಾವ ಅತ್ತ ಸುಳಿಯಲಿಲ್ಲ. ಪೂಜೆ ಮುಗಿಸಿ, ತೀರ್ಥ ಕುಡಿದು, "ಪೂರ್ಣೀ, ಬ್ರೆಡ್ಡು ಇದ್ರ ತಾ," ಎಂದಳು. ಬ್ರೆಡ್ಡು ತಿನ್ನುತ್ತಾ ಅವಳು ತಲೆಯೆತ್ತಿದಾಗ ದೋಣಿ ದ್ವೀಪದ ಮರೆಯಿಂದ ಆಚೆ ಬಂದಿತ್ತು, ಬೆಟ್ಟ ಹಿಂದೆ ಉಳಿದಿತ್ತು. ಅದನ್ನು ನೋಡಲು ಅವಳು ತಿರುಗಲೂ ಇಲ್ಲ.

ನೆವಿಸ್ ಮುಟ್ಟುವ ಮೊದಲೇ ಭಾವ ನಮಗೆ ತಾಕೀತು ಮಾಡಿದರು. "ಕಾಲು ಅನ್ನೂ ಮಾತು ಯಾರ ಬಾಯಿಂದನೂ ಬರಬಾರ್ದು. ಕೈಲೆ ಹಿಡದ ಅಂತ ಹೇಳೂದು."

ನೀವು ಬ್ಯಾಡಗಿ ಮೆಣಸಿನಕಾಯಿ ಬಳಸಿದ್ದರೆ ನಿಮಗೆ ಗೊತ್ತಿರುತ್ತದೆ, ಅದಕ್ಕೆ ಬಣ್ಣ ಬಹಳ, ಖಾರ ಕಡಿಮೆ. ಭಾವ ಜೀವನವಿಡೀ ಅದನ್ನೇ ಮಾರಿದವರು. ಊರಿಗೆ ಬಂದ ಮೇಲೆ ಹಾವೇರಿಯ ನೆಂಟರ ಮನೆಯಲ್ಲಿ ಹೇಳಿದಾಗ ಅಲೆ ತೆಂಗಿನ ಮರದಷ್ಟಿತ್ತು, ನಾವಿಕ ಹಾರಿ ಕೈಯಲ್ಲಿ ಹಿಡಿದ. ರಾಣೇಬೆನ್ನೂರಿನ ಒಂದು ನಿಶ್ಚಿತಾರ್ಥದಲ್ಲಿ ಹೇಳುವ ಹೊತ್ತಿಗೆ ನಾವಿಕ ಬಿಳಿಯ ಸಾಹೇಬನಾಗಿದ್ದ, ಲಿಂಗವನ್ನು ಹಿಡಿದು ಕೈಮುಗಿದು ನಿಂತಿದ್ದ, ಬೆಟ್ಟ ಹಿಂದಿನಿಂದ ಗುಡುಗಿತ್ತು. ಕೇಳಿದವರಲ್ಲಿ ಇಬ್ಬರು ಹೆಂಗಸರು ಕಣ್ಣೊರೆಸಿಕೊಂಡರು. ನಾನು ಪಕ್ಕದಲ್ಲಿ ಕೂತು ಬದನೆಕಾಯಿ ಪಲ್ಯ ತಿನ್ನುತ್ತಿದ್ದೆ. ತನ್ನ ಊರನ್ನು ಬೂದಿಗೆ ಕೊಟ್ಟ ಮನುಷ್ಯನ ಮೈಬಣ್ಣವನ್ನೂ ಇವರು ಬಿಡಲಿಲ್ಲವಲ್ಲ ಎನಿಸಿತು. ಆದರೆ ಊಟದ ನಡುವೆ ಎದ್ದು ತಿದ್ದುವಷ್ಟು ಸತ್ಯನಿಷ್ಠೆ ನನಗಿಲ್ಲ. ಪಲ್ಯವೂ ಚೆನ್ನಾಗಿತ್ತು.

ಆದರೆ ಪೂರ್ಣಿಮಾ ಓರಗೆಯ ಹುಡುಗಿಯರ ಮುಂದೆ ನಗುನಗುತ್ತಾ ನಿಜ ಹೇಳಿಬಿಟ್ಟಿದ್ದಳು. ಅವರಿಂದ ತಾಯಂದಿರಿಗೆ, ತಾಯಂದಿರಿಂದ ಮಾರ್ಕೆಟ್ಟಿಗೆ. "ಸಾಹುಕಾರ್ರ ಹೆಂಡತಿ ಲಿಂಗಾ ಯಾರೋ ತುಳದ್ರಂತ" ಎನ್ನುವ ಮಾತು ಬ್ಯಾಡಗಿಯಲ್ಲಿ ಸುತ್ತಿತು. ಭಾವ ಒಂದು ಹೊಸ ಲಿಂಗ ತರಿಸಿದರು, ಬಂಗಾರದ ಕರಡಿಗೆಯೊಂದಿಗೆ. ಹಳೆಯದನ್ನು ಬಿಟ್ಟು ಅದನ್ನು ಕಟ್ಟಿಸಿಕೊಳ್ಳಬೇಕೆಂದು ಅಕ್ಕನಿಗೆ ಹೇಳಿದರು. ಅಕ್ಕ ಒಪ್ಪಲಿಲ್ಲ.

"ನೀರಿಗೆ ಹೋಗಿದ್ರ ಬ್ಯಾರೇದು ಕಟ್ಟಿಸ್ಕೋತಿದ್ದೆ. ಹೋಗ್ಲಿಲ್ಲಲ್ಲ."

"ತುಳದಾನ ಅವ."

"ಹಿಡದಾನ."

ದಿನಗಟ್ಟಲೆ ಆ ಮನೆಯಲ್ಲಿ ಈ ಎರಡು ಶಬ್ದಗಳೇ ಆಡಲ್ಪಟ್ಟವು. ಕೊನೆಗೆ ಭಾವ ಮನೆತನದ ಅಯ್ಯನವರನ್ನು, ಅಂದರೆ ನಮ್ಮ ಮದುವೆ ಮರಣಗಳನ್ನು ನಡೆಸಿಕೊಡುವ ಪುರೋಹಿತರನ್ನು, ಊಟಕ್ಕೆ ಕರೆದರು. ಅವರು ಬದಲಾಯಿಸು ಎಂದರೆ ಅಕ್ಕ ಬದಲಾಯಿಸಲೇಬೇಕು, ಹತ್ತು ಜನರ ಮುಂದೆ. ಅದಕ್ಕೆಂದೇ ಹತ್ತು ಜನರನ್ನೂ ಕರೆದಿದ್ದರು. ನನಗೂ ಹೇಳಿಕಳಿಸಿದ್ದರು. ಹಿಂದಿನ ದಿನ ಅಕ್ಕ ಫೋನು ಮಾಡಿ, "ತಂಗೀ, ಅಜ್ಜಿ ಕಟ್ಟಿಸಿದ್ದು ಇದು. ಇದನ್ನ ಬಿಟ್ಟು ನಾ ಹೆಂಗ ಇರ್ಲಿ?" ಎಂದಿದ್ದಳು. ಅವಳ ದನಿ ಅಷ್ಟು ಸಣ್ಣದಾಗಿ ನಾನು ಎಂದೂ ಕೇಳಿರಲಿಲ್ಲ.

ಅಯ್ಯನವರು ಪಡಸಾಲೆಯ ಗಾದಿಯ ಮೇಲೆ ಕೂತು, ಚಹಾ ಕುಡಿದು, ಎರಡು ಬಜಿ ತಿಂದು, ವಿಷಯ ಕೇಳಿದರು. ಬಹಳ ಹೊತ್ತು ಚಾವಣಿ ನೋಡಿದರು. ಆಮೇಲೆ ಕೇಳಿದರು:

"ಯಾ ಕಾಲು? ಬಲಗಾಲೋ, ಎಡಗಾಲೋ?"

ಕೂತವರು ತಮ್ಮ ತಮ್ಮ ಕಾಲು ನೋಡಿಕೊಂಡರು.

"ಬಲಗಾಲಾದ್ರ ತೊಳದು, ಪೂಜಿ ಮಾಡಿಸಿ, ಅದನ್ನ ಕಟ್ಕೋಬೋದು. ಎಡಗಾಲಾದ್ರ ಬದಲು ಮಾಡಬೇಕ. ಎಡ ಅಂದ್ರ ಎಡ."

ಇದು ಯಾವ ಗ್ರಂಥದಲ್ಲಿದೆಯೋ ನನಗೆ ಗೊತ್ತಿಲ್ಲ. ಮೊದಲ ಬಜಿಗೂ ಎರಡನೆಯ ಬಜಿಗೂ ನಡುವೆ ಹುಟ್ಟಿದ ವಿಧಿ ಎಂದೇ ನನ್ನ ಅನುಮಾನ. ಆದರೆ ಹತ್ತು ಜನರೂ ಗಂಭೀರವಾಗಿ ತಲೆಯಾಡಿಸಿದರು. ಮೂರ್ಖತನವನ್ನು ಎರಡು ಭಾಗ ಮಾಡಿದರೆ ಅದು ಶಾಸ್ತ್ರದಂತೆ ಕಾಣುತ್ತದೆ.

"ಪ್ರೊಫೆಸರ್ರನ್ನ ಕೇಳ್ರಿ," ಎಂದರು ಭಾವ. "ಅಲ್ಲೇ ಇದ್ಲು. ಇತಿಹಾಸ ಓದ್ಯಾಳ, ಸುಳ್ಳು ಹೇಳೂದಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕಣ್ಣು ಮುಚ್ಚಿ ಆ ಪಾದವನ್ನು ಕರೆದೆ. ಬಂತು. ಅಗಲವಾದ, ಉಪ್ಪುನೀರಿಗೆ ಬಿರಿದ ಹಿಮ್ಮಡಿಯ, ಬೆರಳುಗಳು ಹರಡಿಕೊಂಡ ಪಾದ. ಹೆಬ್ಬೆರಳು ಯಾವ ಕಡೆಗಿದೆ ಎಂದು ನೋಡಲು ಹೋದೆ, ಅದು ಅತ್ತ ಇತ್ತ ಜಿಗಿಯಿತು. ಒಮ್ಮೆ ಬಲ, ಒಮ್ಮೆ ಎಡ. ಅವರು ಚಕ್ರದ ಯಾವ ಪಕ್ಕಕ್ಕೆ ನಿಂತಿದ್ದರು, ಕಿಂಡಿ ಯಾವ ಪಕ್ಕಕ್ಕಿತ್ತು ಎಂದು ಲೆಕ್ಕ ಹಾಕಿದೆ. ಒಂದು ಲೆಕ್ಕಕ್ಕೂ ಇನ್ನೊಂದಕ್ಕೂ ತಾಳೆಯಾಗಲಿಲ್ಲ. ನನಗೆ ಗೊತ್ತಿಲ್ಲ ಎನ್ನುವುದೇ ನಿಜ. ಗೊತ್ತಿಲ್ಲ ಎಂದರೆ ಅಯ್ಯನವರು ಜಾಗರೂಕತೆಯ ಪಕ್ಷ ಹಿಡಿಯುತ್ತಾರೆ, ಅಕ್ಕನ ಲಿಂಗ ಹೋಗುತ್ತದೆ.

"ಬಲಗಾಲು," ಎಂದೆ.

ಬಹಳ ಸ್ಪಷ್ಟವಾಗಿ ಹೇಳಿದೆ. ತರಗತಿಯ ಕೊನೆಯ ಬೆಂಚಿಗೂ ಕೇಳುವಂಥ ದನಿಯಲ್ಲಿ. "ಬಲಗಾಲೇ. ನಾ ಕಣ್ಣಾರೆ ನೋಡೇನಿ."

ಪಡಸಾಲೆಯಲ್ಲಿ ಒಂದು ನಿಟ್ಟುಸಿರು ಓಡಾಡಿತು. ಅಯ್ಯನವರು ಸಮಾಧಾನದಿಂದ ಮೂರನೆಯ ಬಜಿಗೆ ಕೈ ಹಾಕಿದರು.

"ಎಡಗಾಲು."

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಕೈಗೆ ಇನ್ನೂ ಹಿಟ್ಟು ಮೆತ್ತಿತ್ತು.

"ನೀಲಾ, ಒಳಗ ಹೋಗು," ಎಂದರು ಭಾವ. "ತಂಗಿ ಹೇಳಿದ್ಲಲ್ಲ."

"ಆಕಿ ದೂರ ಇದ್ಲು. ನಾ ಮುಟ್ಟಿ ಕಣ್ಣಿಗೆ ಒತ್ಕೊಂಡೇನಿ, ನನಗ ಗೊತ್ತಿಲ್ಲೇನು? ಎಡಗಾಲದು. ಕಿರಿಬೆರಳಿನ ಉಗುರು ಇದ್ದಿದ್ದಿಲ್ಲ."

ಅಯ್ಯನವರು ಬಜಿಯನ್ನು ತಟ್ಟೆಗೆ ಇಳಿಸಿದರು. "ಹಂಗಾದ್ರ ನೀಲವ್ವಾ, ನಾ ಹೇಳೇನಲ್ಲ..."

"ಹೇಳೀರಿ. ನಂದೊಂದು ಕೇಳ್ತೇನಿ, ತಪ್ಪು ತಿಳೀಬ್ಯಾಡ್ರಿ. ಮುಂಜಾನೆದ್ದು ಪೂಜಿಗೆ ಕುಂತಾಗ ಲಿಂಗಾನ ಯಾ ಕೈಯಾಗ ಇಟ್ಕೋತೀರಿ ನೀವು?"

ಆ ಪಡಸಾಲೆಯಲ್ಲಿ ಅದು ಗೊತ್ತಿಲ್ಲದವರು ಯಾರೂ ಇರಲಿಲ್ಲ. ಒಬ್ಬ ಮುದುಕರು ಆಗಲೇ ತಮ್ಮ ಎಡ ಅಂಗೈಯನ್ನು ತೊಡೆಯ ಮೇಲೆ ಮಗುಚಿ ನೋಡಿಕೊಳ್ಳುತ್ತಿದ್ದರು.

"ಎಡಗೈಯಾಗ," ಎಂದಳು ಅಕ್ಕ. "ನಮ್ಮಜ್ಜಿ ಸಾಯೂತನ ಎಡಗೈಯಾಗ ಹಿಡದ್ಲು. ನಾನೂ ಹಿಡೀತೇನಿ. ಆವತ್ತು ಆ ಕೈಯಿಂದನ ಜಾರಿದ್ದು. ಎಡಗೈ ಬಿಟ್ಟದ್ದನ್ನ ಎಡಗಾಲು ಹಿಡದೈತ್ರಿ. ಬದಲು ಮಾಡಬೇಕಂದ್ರ ಮೊದಲು ನನ್ನ ಕೈ ಬದಲು ಮಾಡ್ರಿ."

ಹಾಗೆಂದು ಒಳಗೆ ಹೋದಳು. ರೊಟ್ಟಿ ಬಡಿಯುವ ಸದ್ದು ಮತ್ತೆ ಶುರುವಾಯಿತು.

ಅಯ್ಯನವರು ಸ್ವಲ್ಪ ಹೊತ್ತು ಶಾಲನ್ನು ಸರಿಪಡಿಸಿಕೊಂಡರು. "ಅದೂ ಖರೇನ," ಎಂದರು. ಹತ್ತು ಜನರೂ, ಹಿಂದೆ ತಲೆಯಾಡಿಸಿದಷ್ಟೇ ಗಂಭೀರವಾಗಿ, ಅದಕ್ಕೂ ತಲೆಯಾಡಿಸಿದರು. ಬಂಗಾರದ ಕರಡಿಗೆಯ ಪೆಟ್ಟಿಗೆಯನ್ನು ಭಾವ ಮೆಲ್ಲಗೆ ಗಾದಿಯ ಹಿಂದಕ್ಕೆ ಸರಿಸಿದರು. ಯಾರೋ "ಎಲಿ ಹಾಕ್ರಿ, ಹೊತ್ತಾತು" ಎಂದರು.

ಊಟಕ್ಕೆ ಮುಂಚೆ ಹಿತ್ತಲಿನ ನಲ್ಲಿಯಲ್ಲಿ ಕೈ ತೊಳೆಯುವಾಗ ಭಾವ ನನ್ನ ಪಕ್ಕಕ್ಕೆ ಬಂದು ನಿಂತರು. ಅತ್ತಿತ್ತ ನೋಡಿ ಕೇಳಿದರು.

"ಖರೇ ಹೇಳು. ನೀ ನೋಡಿದ್ದಿ?"

"ಇಲ್ಲ. ನೀವು?"

"ಎಲ್ಲಿ? ನಾ ಬೆಟ್ಟ ನೋಡಾಕತ್ತಿದ್ದೆ."

ಕೈ ಒರೆಸಿಕೊಳ್ಳುತ್ತಾ ಅವರು ಮೆಚ್ಚುಗೆಯಿಂದ ನನ್ನ ಮುಖ ನೋಡಿದರು. ಇಪ್ಪತ್ತೈದು ವರ್ಷಗಳ ನೆಂಟಸ್ತಿಕೆಯಲ್ಲಿ ಅವರು ನನ್ನನ್ನು ಹಾಗೆ ನೋಡಿದ್ದು ಅದೇ ಮೊದಲು.

"ಆದ್ರ ಚೊಲೋ ಹೇಳಿದಿ ಬಿಡು. ಕಣ್ಣಾರೆ ನೋಡೇನಿ ಅಂದೆಲ್ಲ, ನಾನ ಒಂದ್ ಗಳಿಗಿ ನಂಬಿದ್ದೆ."

ಅವರು ಹೆಗಲಿಗೆ ಟವೆಲು ಹಾಕಿಕೊಂಡು ಒಳಗೆ ನಡೆದರು. ನಾನು ನಲ್ಲಿಯ ಕೆಳಗೆ ಇನ್ನೊಂದು ಸಲ ಕೈ ತೊಳೆದುಕೊಂಡೆ.